ಎಣಿಸದ ಮಕ್ಕಳು

ಜನವರಿ ೧೨, ೧೯೯೭, ಭಾನುವಾರ

ಬೆಳಗಿನ ಜಾವ ನಾಲ್ಕೂವರೆ. ಸ್ಟೀಲ್ ಬಟ್ಟಲಿನಲ್ಲಿ ಏನೋ ಉರುಳಿದ ಸದ್ದಿಗೆ ಎಚ್ಚರವಾಯಿತು. ಇವರ ಕಣ್ಣು. ಮಲಗುವಾಗ ತೆಗೆದು ನೀರಿನ ಬಟ್ಟಲಿಗೆ ಹಾಕಿ ಕಿಟಕಿಯಲ್ಲಿಡುತ್ತಾರೆ. ಬೆಕ್ಕು ಬಂದು ತಳ್ಳಿದೆ. ಮದುವೆಯಾದ ಹೊಸತರಲ್ಲಿ ಈ ಸದ್ದಿಗೆ ಮೈ ಜುಮ್ಮೆನ್ನುತ್ತಿತ್ತು, ಆಮೇಲೆ ರೂಢಿಯಾಗಿತ್ತು. ಈಗ ಮತ್ತೆ ಶುರುವಾಗಿದೆ.

ಎದ್ದು ಚೈತ್ರಳ ಮುಖ ನೋಡಿದೆ. ಎಡಗಣ್ಣಿನ ಮೇಲೆ ಹತ್ತಿಯ ಪಟ್ಟಿ. ಒಂದೂವರೆ ವರ್ಷದ ಮಗು, ಮದರಾಸಿನಲ್ಲಿ ಆ ಕಣ್ಣನ್ನು ತೆಗೆದರು. ಕಣ್ಣಿನೊಳಗೆ ಕ್ಯಾನ್ಸರ್. ಈ ಪದವನ್ನು ನನ್ನ ಕೈಯಾರೆ ಬರೆದದ್ದು ಇದೇ ಮೊದಲು. ಬಲಗಣ್ಣಿನಲ್ಲೂ ಸಣ್ಣ ಚುಕ್ಕೆಗಳಿವೆ. ಅದನ್ನು ಉಳಿಸಲು ಲೇಸರ್, ಜೊತೆಗೆ ಸಲೈನಿನಲ್ಲಿ ಇಳಿಸುವ ಹೊಸ ಔಷಧಿ. ಪ್ರತಿ ತಿಂಗಳೂ ಹೋಗಬೇಕು, ಪ್ರತಿ ಸಲವೂ ಮಗುವಿಗೆ ಪ್ರಜ್ಞೆ ತಪ್ಪಿಸಿ ನೋಡಬೇಕು.

ಇವರಿಗೂ ಚಿಕ್ಕಂದಿನಲ್ಲಿ ಕಣ್ಣಲ್ಲಿ ಗಡ್ಡೆಯಾಗಿ ತೆಗೆಸಿದ್ದರಂತೆ. ಹೆಣ್ಣು ನೋಡಲು ಸೊರಬಕ್ಕೆ ಬಂದಾಗಲೇ ಮಾವನವರು ಮುಚ್ಚಿಡದೆ ಹೇಳಿದ್ದರು. "ಒಳ್ಳೇ ಜನ ಕಣೇ ಶೃತಿ, ಇದ್ದದ್ದು ಇದ್ದ ಹಾಗೆ ಹೇಳಿದ್ರು" ಎಂದು ಶಾಲೆಯ ಮಾಸ್ತರರಾದ ನಮ್ಮಪ್ಪ ಮೆಚ್ಚಿಕೊಂಡಿದ್ದರು. ನಾನೋ, ಬಿ.ಎಸ್ಸಿ. ಪರೀಕ್ಷೆಯಲ್ಲಿ ಆನುವಂಶಿಕತೆಯ ಪ್ರಶ್ನೆಗೆ ಬಟಾಣಿ ಗಿಡದ ಎತ್ತರ ಗಿಡ್ಡದ ಚೌಕಗಳನ್ನು ತಪ್ಪಿಲ್ಲದೆ ಬರೆದವಳು. ಯಾವ ಗಡ್ಡೆ, ಯಾಕೆ ಬಂತು ಎಂದು ಒಂದು ಮಾತು ಕೇಳಲಿಲ್ಲ. ಇವರ ನಗು ಚೆನ್ನಾಗಿತ್ತು. ಅಷ್ಟು ನೋಡಿದೆ.

ಮದರಾಸಿನ ಡಾಕ್ಟರಮ್ಮ ಮೈಸೂರಿನ ಕಡೆಯವರು, ಕನ್ನಡದಲ್ಲೇ ಮಾತಾಡಿಸಿದರು. ಮಾವನವರನ್ನು ಎದುರಿಗೆ ಕೂರಿಸಿಕೊಂಡು ಮನೆತನದಲ್ಲಿ ಯಾರ್ಯಾರು ಎಂದು ಕೇಳಿದರು. ಮಾವ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಗೆ ವಾರಸುದಾರರ ಹೆಸರು ಹೇಳುವ ಹಾಗೆ ನೆಟ್ಟಗೆ ಕೂತು ಒಪ್ಪಿಸಿದರು. "ನಮ್ಮಪ್ಪಗ ನಾನೊಬ್ನೇ. ನನಗ ಇವನೊಬ್ಬ ಮಗ, ಸಿದ್ಧಲಿಂಗೇಶ. ಒಂದು ಹೆಣ್ಮಗು, ನೀಲಾಂಬಿಕ. ಆಕೀನ ಆನವಟ್ಟಿಗೆ ಕೊಟ್ಟೀವ್ರಿ, ಆಕಿ ಈಗ ಅವ್ರ ಮನಿಯಾಕಿ."

"ಆಕೆಯ ಕಣ್ಣು ಹೇಗಿದೆ?"

"ಚಲೋ ಅದಾವ್ರಿ. ಸೂಜಿಗೆ ದಾರ ಪೋಣಿಸ್ತಾಳ."

"ತೀರಿಹೋದ ಮಕ್ಕಳು ಯಾರಾದರೂ?"

"ಇಲ್ರಿ."

ಡಾಕ್ಟರಮ್ಮ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆದು ಗೆರೆ ಎಳೆದರು. ಹದಿಮೂರನೆಯ ಕ್ರೋಮೋಸೋಮಿನಲ್ಲಿ ಒಂದು ಜೀನು ಕೆಟ್ಟರೆ ಹೀಗಾಗುತ್ತದಂತೆ. ಇವರಿಂದ ಮಗಳಿಗೆ ಬಂದಿದೆ, ಮುಂದೆ ಹುಟ್ಟುವ ಮಕ್ಕಳಿಗೂ ಅರ್ಧಕ್ಕರ್ಧ ಭಯ. ಆದರೆ ಈ ಮನೆತನದಲ್ಲಿ ಇವರೇ ಮೊದಲಿಗರು ಅಂತಾದರೆ ತಂಗಿಗೆ ಭಯಪಡುವಂಥದ್ದಿಲ್ಲ ಎಂದರು. ಇವರ ರಕ್ತ, ಚೈತ್ರಳ ರಕ್ತ ತೆಗೆದುಕೊಂಡರು. ಯಾವ ಜಾಗದಲ್ಲಿ ಕೆಟ್ಟಿದೆ ಎಂದು ಹುಡುಕಲು ಕೆಲವು ತಿಂಗಳು ಬೇಕಂತೆ.

ಇವರು ಇಡೀ ರೈಲಿನಲ್ಲಿ ಕಿಟಕಿ ನೋಡುತ್ತ ಕೂತಿದ್ದರು. ಅರಸೀಕೆರೆ ದಾಟಿದ ಮೇಲೆ "ನಾನು ಕೊಟ್ಟಿದ್ದು" ಅಂದರು. ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನನಗೂ ಹಾಗೇ ಅನ್ನಿಸುತ್ತಿತ್ತು.

ಜನವರಿ ೨೬, ಭಾನುವಾರ

ನೀಲಾಂಬಿಕ ಬಾಣಂತನಕ್ಕೆ ಬಂದಿದ್ದಾಳೆ. ಗಂಡುಮಗು, ಎರಡು ತಿಂಗಳು ದಾಟಿದೆ. ನಡುಮನೆಯಲ್ಲಿ ತೊಟ್ಟಿಲು. ಚೈತ್ರಳಿಗೆ ಅದೊಂದು ದೊಡ್ಡ ಆಟ. ತೊಟ್ಟಿಲ ಹಗ್ಗ ಹಿಡಿದು "ಜೋ ಜೋ" ಅನ್ನುತ್ತ ನಿಲ್ಲುತ್ತಾಳೆ.

ಇವತ್ತು ನೀಲಾಂಬಿಕ ಹಗ್ಗ ಬಿಡಿಸಿಕೊಂಡಳು. "ಅತ್ತಿಗೆ, ತಪ್ಪು ತಿಳ್ಕೋಬ್ಯಾಡ್ರಿ. ಇವಳ್ನ ಸ್ವಲ್ಪ ದಿನ ತೊಟ್ಲ ಹತ್ರ ಬಿಡಬ್ಯಾಡ್ರಿ. ಅಂಟೋದಲ್ಲ ಅಂತೀರಿ, ಆದ್ರೂ ಹಸಗೂಸು."

"ಅಂಟೋದಲ್ಲ" ಎಂದೆ. ಚೈತ್ರಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಅವಳು ಇನ್ನೂ "ಜೋ ಜೋ" ಅನ್ನುತ್ತಿದ್ದಳು.

ಇದನ್ನು ಮರೆಯುವುದಿಲ್ಲ ಎಂದು ಬರೆದಿಡುತ್ತಿದ್ದೇನೆ.

ಫೆಬ್ರವರಿ ೧೬, ಭಾನುವಾರ

ಚೈತ್ರಳಿಗೂ ಕೃತಕ ಕಣ್ಣು ಬಂತು. ಕಡಲೆಕಾಳಿನ ಸಿಪ್ಪೆಯ ಹಾಗೆ ತೆಳ್ಳಗೆ, ಬಟ್ಟಲಾಕಾರ. ನಡುವೆ ಕರಿಯ ಗೊಂಬೆ. ಅದಕ್ಕೊಂದು ಪುಟ್ಟ ಬಟ್ಟಲು ಕಿಟಕಿಯಲ್ಲಿ, ಅಪ್ಪನ ಬಟ್ಟಲಿನ ಪಕ್ಕ. ಅವಳು ಬೇಗ ಒಗ್ಗಿಕೊಂಡಳು. ಹಾಕುವುದು ನನಗೇ ಇನ್ನೂ ಒಗ್ಗಿಲ್ಲ. ಇವರು ಮಾಡಿದರೆ ನಗುತ್ತಾಳೆ. "ನೋಡವ್ವಾ, ಅಪ್ಪನೂ ಮಗಳೂ ಒಂದೇ ಕಂಪನಿ ಮಾಲು" ಅಂತಾರೆ ಇವರು.

ಬಲಗಣ್ಣಿನ ಚುಕ್ಕೆಗಳು ಕುಗ್ಗಿವೆ. ಕುಗ್ಗಿವೆ! ಡಾಕ್ಟರಮ್ಮ ಸುಣ್ಣದಂತೆ ಬಿಳಿಚಿಕೊಂಡಿವೆ ಎಂದರು, ಗಡ್ಡೆ ಸಾಯುವ ಲಕ್ಷಣವಂತೆ.

ಮಧ್ಯಾಹ್ನ ಮನೆಯ ಮುಂದಿನ ನಮ್ಮ ಬೀಜದ ಅಂಗಡಿಗೆ ತೊಗರ್ಸಿಯ ಧರ್ಮಪ್ಪ ಬಂದಿದ್ದರು. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ಅಲ್ಲೋ ಸಿದ್ಧಲಿಂಗೇಶ, ವರ್ಷಾ ವರ್ಷಾ ನಿನ್ನ ಪಾಕೀಟೇ ತಗೋಬೇಕಾ? ಹೋದ್ಸಲದ ಜ್ವಾಳ ತೆಗೆದಿಟ್ಟೀನಿ, ಅದನ್ನೇ ಬಿತ್ತಿದ್ರ ಏನು ನಿನ್ನ ಗಂಟು ಹೋಗ್ತೈತಿ?"

"ಬಿತ್ತ್ರಿ ಧರ್ಮಪ್ಪಾರ, ಯಾರು ಬ್ಯಾಡಂತಾರ. ಒಂದು ಎತ್ತರ, ಒಂದು ಗಿಡ್ಡ ಬಂದ್ರ ಬೈಬ್ಯಾಡ್ರಿ. ಇದು ಹೈಬ್ರಿಡ್. ಕಾಳು ನೋಡಾಕ ಚಂದನೇ ಇರ್ತೈತಿ, ಒಳಗ ಎರಡೂ ಗುಣ ಅಡಗಿ ಕುಂತಿರ್ತಾವ. ಮುಂದಿನ ಪೀಳಿಗಿಗೆ ಒಡೆದು ಹಂಚಿಹೋಗಿ, ಯಾವುದಕ್ಕ ಯಾವುದು..."

ಧರ್ಮಪ್ಪ "ಯಾಕೋ?" ಅಂದರು. ಇವರು "ಏನಿಲ್ರಿ, ತಗೋರಿ ಪಾಕೀಟು" ಅಂದರು.

ಮಾರ್ಚ್ ೮, ಶನಿವಾರ

ಶಿವರಾತ್ರಿಯ ಉಪವಾಸ ಮುಗಿದು ಅತ್ತೆ ನಿಧಾನಕ್ಕೆ ಎದ್ದರು. ನಾನು ಚೈತ್ರಳ ಕಣ್ಣು ತೊಳೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಬಟ್ಟಲನ್ನು ಕೈಗೆ ತೆಗೆದುಕೊಂಡರು.

"ಇಂಥಾದ್ದೆಲ್ಲ ಆವಾಗ ಎಲ್ಲಿತ್ತು? ಇದ್ದಿದ್ರ ನನ್ನ ಮೊದಲನೇದು ಬದುಕ್ತಿತ್ತು."

ನನಗೆ ಅರ್ಥವಾಗಲಿಲ್ಲ. "ಯಾವ ಮೊದಲನೇದು ಅತ್ತೆ?"

ಅತ್ತೆ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ನನ್ನ ಮುಖ ನೋಡದೆ, ನೆಲದ ಮೇಲಿನ ನೀರನ್ನು ಬೆರಳಲ್ಲಿ ಎಳೆಯುತ್ತ ಹೇಳಿದರು. ಇವರಿಗಿಂತ ಮೊದಲು ಒಂದು ಗಂಡುಮಗುವಿತ್ತು. ಸಂಜೆ ದೀಪ ಹಚ್ಚಿದರೆ ಅದರ ಕಣ್ಣು ಬೆಳ್ಳಗೆ ಮಿಂಚುತ್ತಿತ್ತು. ಬೆಕ್ಕಿನ ಕಣ್ಣು, ಅದೃಷ್ಟದ ಕೂಸು ಅಂತ ಓಣಿಯವರೆಲ್ಲ ಎತ್ತಿ ಆಡಿಸಿದರು. ಆಮೇಲೆ ಕಣ್ಣು ಬಾತು ಹೊರಗೆ ಬಂತು. ಎರಡು ವರ್ಷ ತುಂಬುವ ಮೊದಲೇ ಹೋಯಿತು. ಇವರಿಗೂ ಹಾಗೇ ಮಿಂಚಿದಾಗ ಮಾವ ಹೆದರಿ ಹುಬ್ಬಳ್ಳಿಗೆ ಓಡಿ ಕಣ್ಣು ತೆಗೆಸಿದ್ದು.

"ಮಾವ ಮದರಾಸಿನಲ್ಲಿ ಹೇಳಲೇ ಇಲ್ಲವಲ್ಲ ಅತ್ತೆ. ತೀರಿಹೋದ ಮಕ್ಕಳು ಇಲ್ಲ ಅಂದರು."

"ಹೋದದ್ದನ್ನ ಎಣಿಸಬಾರ್ದು ತಾಯಿ. ಇರೋದಕ್ಕ ಕೇಡು. ಜನಗಣತಿಯವ್ರು ಬಂದಾಗ್ಲೂ ಇಬ್ರೇ ಅಂತ ಬರೆಸೀವಿ. ನಮ್ಮತ್ತಿನೂ ಹಂಗೇ ಹೇಳಿದ್ರು, ನಾನೂ ಅದನ್ನೇ ನಡೆಸ್ಕೊಂಡು ಬಂದೀನಿ."

ನನ್ನ ಎದುರಿಗೆ ಡಾಕ್ಟರಮ್ಮನ ಚೌಕ ವೃತ್ತಗಳು. ಇನ್ನೊಂದು ಚೌಕ ಬರೆದರೆ ಇವರು ಮೊದಲಿಗರಲ್ಲ. ಹಾಗಾದರೆ ಅದು ಮಾವನಲ್ಲೋ ಅತ್ತೆಯಲ್ಲೋ ಅಡಗಿ ಕೂತಿತ್ತು. ಹಾಗಾದರೆ ನೀಲಾಂಬಿಕಳಲ್ಲೂ ಅಡಗಿರಬಹುದು. ಹಾಗಾದರೆ ತೊಟ್ಟಿಲಲ್ಲಿ...

"ಅತ್ತೆ, ಇದನ್ನ ನೀಲಾಂಬಿಕಗೆ ಹೇಳಬೇಕು."

"ಹುಚ್ಚಿ ಏನು ನೀನು? ವೀರಬಸಪ್ಪಗ ಗೊತ್ತಾದ್ರ ಸೊಸೀನೂ ಬ್ಯಾಡ ಮೊಮ್ಮಗನೂ ಬ್ಯಾಡ ಅಂತ ಇಬ್ರನ್ನೂ ಇಲ್ಲೇ ಬಿಡ್ತಾನ. ರೋಗದ ಮನಿ ಹೆಣ್ಣು ಕೊಟ್ರು ಅಂತ ಆನವಟ್ಟಿ ಪ್ಯಾಟ್ಯಾಗೆಲ್ಲ ಸಾರ್ತಾನ. ಬಾಯಿ ಮುಚ್ಚು."

ವೀರಬಸಪ್ಪ ನೀಲಾಂಬಿಕಳ ಮಾವ, ಆನವಟ್ಟಿಯಲ್ಲಿ ಬಟ್ಟೆ ಅಂಗಡಿ. ಅತ್ತೆ ಹೇಳಿದ್ದು ಸುಳ್ಳಲ್ಲ.

ಮಾರ್ಚ್ ೯

ತೊಟ್ಟಿಲ ಹತ್ತಿರ ಹೋದೆ. ನೀಲಾಂಬಿಕ ನೋಡಿದಳು. ವಾಪಸ್ ಬಂದೆ.

ಮಾರ್ಚ್ ೨೨, ಶನಿವಾರ

ಮದರಾಸಿನಿಂದ ನಿನ್ನೆ ಬಂದೆವು. ರಕ್ತದ ಉತ್ತರ ಬಂದಿದೆ. ಇವರಲ್ಲೂ ಚೈತ್ರಳಲ್ಲೂ ಜೀನು ಒಂದೇ ಜಾಗದಲ್ಲಿ ಕೆಟ್ಟಿದೆ. ಡಾಕ್ಟರಮ್ಮನ ಮುಖದಲ್ಲಿ ಗೆದ್ದ ಕಳೆ. ನನಗೆ ಮೊದಲು ಸಿಟ್ಟು ಬಂತು, ನಮ್ಮ ದುರದೃಷ್ಟ ಸಿಕ್ಕಿದ್ದಕ್ಕೆ ಇಷ್ಟು ಖುಷಿಯಾ ಎಂದು. ಅವರು ಬಿಡಿಸಿ ಹೇಳಿದರು. ಇನ್ನು ನಮಗೆ ಇನ್ನೊಂದು ಮಗುವಾದರೆ, ಹುಟ್ಟಿದ ವಾರದಲ್ಲೇ ಒಂದು ಚಮಚ ರಕ್ತದಲ್ಲಿ ಗೊತ್ತಾಗುತ್ತದೆ. ಇಲ್ಲ ಅಂತಾದರೆ ಮಗುವಿಗೆ ಈ ಪ್ರಜ್ಞೆ ತಪ್ಪಿಸುವ ಕಷ್ಟವೇ ಬೇಡ. ಇದೆ ಅಂತಾದರೆ ಚುಕ್ಕೆ ಸಾಸಿವೆಯಷ್ಟಿರುವಾಗಲೇ ಸುಟ್ಟುಬಿಡಬಹುದು, ಎರಡು ಕಣ್ಣೂ ಉಳಿಯುತ್ತವೆ. "ಕಾಯಿಲೆಯ ಹಿಂದೆ ಓಡುವುದು ಬಿಟ್ಟು ಅದಕ್ಕಿಂತ ಮುಂದೆ ಹೋಗಿ ನಿಲ್ಲುವುದು, ಅಷ್ಟೇ" ಎಂದರು.

ಇವರು ಔಷಧಿ ತರಲು ಹೋದಾಗ ಒಬ್ಬಳೇ ಇದ್ದೆ. ಕೇಳಿದೆ.

"ಮೇಡಂ, ಒಂದು ವೇಳೆ ಇವರಿಗಿಂತ ಮೊದಲೇ ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ?"

ಅವರು ಪೆನ್ನು ಕೆಳಗಿಟ್ಟರು. "ಹಾಗಾದರೆ ತಂಗಿಯಲ್ಲೂ ಇರಬಹುದು. ಕೆಲವರಲ್ಲಿ ಇದ್ದೂ ತೋರುವುದಿಲ್ಲ. ಅವರ ಕಣ್ಣೊಳಗೆ ಹಳೆಯ ಕಲೆಯೊಂದು ಇರಬಹುದು, ಅವರಿಗೇ ಗೊತ್ತಿರುವುದಿಲ್ಲ. ಆಕೆಗೆ ಮಕ್ಕಳಿದ್ದರೆ ತಡಮಾಡದೆ ನೋಡಬೇಕು. ಯಾಕೆ, ಹಾಗೆ ಯಾರಾದರೂ ಇದ್ದರಾ?"

ಹೇಳಲು ಹೊರಟೆ.

"ಇಲ್ಲ ಮೇಡಂ. ಓದಿದ್ದು ನೆನಪಾಯಿತು, ಸುಮ್ಮನೆ ಕೇಳಿದೆ."

ಅವರು ನನ್ನನ್ನು ನೋಡಿದ ರೀತಿ ಮನಸ್ಸಿನಿಂದ ಹೋಗುತ್ತಿಲ್ಲ. ನಿದ್ದೆಯೂ ಬರುತ್ತಿಲ್ಲ. ಯಾಕೆ ಹೇಳಲಿಲ್ಲ? ಅತ್ತೆಯ ಮಾತಿಗೆ ಹೆದರಿ ಎಂದು ಬರೆಯಬಹುದು. ತೊಟ್ಟಿಲ ಹಗ್ಗವೂ ನೆನಪಾಗಿತ್ತು. ಅದನ್ನು ಬರೆಯದೆ ಬಿಟ್ಟರೆ ಈ ಪುಸ್ತಕ ಯಾಕೆ.

ಏಪ್ರಿಲ್ ೯, ಬುಧವಾರ

ಯುಗಾದಿ ಆಯಿತು. ನೀಲಾಂಬಿಕಳನ್ನು ಕರೆದೊಯ್ಯಲು ಗಂಡ ಗುರುಪ್ರಕಾಶ್ ಭಾನುವಾರ ಬರುತ್ತಾರೆ.

ಇವರಿಗೆ ಹೇಳಿಬಿಟ್ಟೆ. ಗೋದಾಮಿನಲ್ಲಿ ಮೂಟೆ ಲೆಕ್ಕ ಮಾಡುತ್ತಿದ್ದರು. ಎಲ್ಲ ಕೇಳಿ ಮೂಟೆಯ ಮೇಲೇ ಕೂತರು.

"ನನಗೊಬ್ಬ ಅಣ್ಣ ಇದ್ನಾ?"

ನಾನು ಹೆದರಿದ್ದು ಬೇರೆ, ಇವರಿಗೆ ತಾಗಿದ್ದು ಬೇರೆ. ಮೂವತ್ತು ದಾಟಿದ ಗಂಡಸು ಇದ್ದಕ್ಕಿದ್ದಂತೆ ತಮ್ಮನಾಗಿ ಅತ್ತರು.

ಆಮೇಲೆ ಜಗಲಿಗೆ ಹೋಗಿ ಮಾವನನ್ನು ಕೇಳಿದರು. ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಕೂಸು ಆರಾಮೈತಿ. ಹಾಲು ಕುಡೀತೈತಿ, ನಗತೈತಿ. ಇಲ್ಲದ್ದನ್ನ ಯಾಕ ಎಬ್ಬಿಸ್ತೀರಿ? ಆಕಿ ಈಗ ಅವ್ರ ಮನಿಯಾಕಿ. ಅವ್ರ ಮನಿ ಕೂಸಿಗೆ ನಮ್ಮನಿ ಹೆಸರು ಹಚ್ಚಬ್ಯಾಡ್ರಿ."

"ಅಪ್ಪಾಜಿ, ಮನಿ ಬದಲಿ ಆದ್ರ ರಕ್ತ ಬದಲಿ ಆಗ್ತೈತೇನು?"

"ಮದರಾಸಿಗೆ ಹೋಗಿ ಬಂದು ನನಗ ಪಾಠ ಹೇಳ್ತೀಯಾ?"

ಇವರು ಸುಮ್ಮನಾದರು. ಅಪ್ಪನ ಎದುರು ಇವರು ಯಾವತ್ತೂ ಹೀಗೇ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನೂ ಹೀಗೇ.

ಏಪ್ರಿಲ್ ೧೩, ಭಾನುವಾರ

ಹೋದಳು. ಉಡಿ ತುಂಬಿ, ತೊಟ್ಟಿಲ ಜೊತೆ ಕಳಿಸಿದೆವು. ಕಾರು ನಮ್ಮೂರ ಬಾಡಿಗೆ ಡ್ರೈವರ್ ಕಲೀಂನದು. ಕಾರು ಹತ್ತುವಾಗ ಚೈತ್ರಳ ಕೆನ್ನೆ ಹಿಡಿದು, "ಅತ್ತಿಗೆ, ಅವತ್ತು ಹಂಗ ಅಂದಿದ್ದಕ್ಕ ನಿದ್ದಿ ಬಂದಿಲ್ಲ ನನಗ. ಹಡೆದಾಕಿ ಬುದ್ಧಿ ಹಂಗ, ಬಿಟ್ಟುಬಿಡ್ರಿ" ಅಂದಳು. ಅವಳೇ ಮಗುವನ್ನು ಬಗ್ಗಿಸಿ ಚೈತ್ರಳ ಕೈಯಿಂದ ಮುಟ್ಟಿಸಿದಳು.

ಬಿಸಿಲಿಗೆ ಮಗು ಕಣ್ಣು ಕಿರಿದು ಮಾಡಿತು. ಏನೂ ಕಾಣಲಿಲ್ಲ. ನೋಡಲು ನನಗೆ ಮನಸ್ಸಿತ್ತೋ ಇಲ್ಲವೋ.

ಕಾರು ತಿರುಗುವವರೆಗೂ ಬಾಯಿ ತೆರೆಯಬಹುದಿತ್ತು.

ಏಪ್ರಿಲ್ ೩೦, ಬುಧವಾರ

ಅಂಗಡಿಯ ಫೋನಿನಿಂದ ಆನವಟ್ಟಿಗೆ ಮಾಡಿದೆ. ಎತ್ತಿದ್ದು ವೀರಬಸಪ್ಪನವರು. "ಏನ್ರೀ ಮಾಸ್ತರ ಮಗಳು, ಆರಾಮಾ? ಮಗೂಗೆ ಹೇಗಿದೆ, ಆ ಕಣ್ಣುನೋವು?" ನಮ್ಮವರು ಅವರಿಗೆ ಹೇಳಿರುವುದು ಕಣ್ಣುನೋವು ಎಂದೇ. ಆಮೇಲೆ ನೀಲಾಳನ್ನು ಕರೆದರು. ಅಲ್ಲೇ ನಿಂತಿದ್ದರು, ಉಸಿರು ಕೇಳುತ್ತಿತ್ತು.

"ಪಾಪು ಹೇಗಿದ್ದಾನೆ ನೀಲಾ?"

"ಆರಾಮ್ ಅದಾನ ಅತ್ತಿಗೆ. ನಮ್ಮತ್ತಿಯೋರು ನೆಲದ ಮ್ಯಾಲ ಬಿಡಂಗಿಲ್ಲ. ಸಂಜಿ ದೀಪ ಹಚ್ಚಿದ್ರ ಒಂದು ಕಣ್ಣು ಬೆಳ್ಳಗ ಮಿಂಚತೈತಿ ನೋಡ್ರಿ, ಶಿವನ ಕಳೆ ಅಂತಾರ. ದಿನಾ ದೃಷ್ಟಿ ತೆಗೀತಾರ!"

ಯಾವ ಕಣ್ಣು ಎಂದು ಕೇಳಿದೆ. "ಬಲಗಣ್ಣು, ಯಾಕ್ರಿ?" ಅಂದಳು. "ನಿನ್ನ ಹತ್ತಿರ ಒಬ್ಬಳ ಹತ್ತಿರವೇ ಮಾತಾಡಬೇಕು" ಎಂದೆ. ಅವಳು ನಕ್ಕು, "ಮಾವಾರು ಇಲ್ಲೇ ಅದಾರ್ರಿ, ಹೇಳ್ರಿ" ಅಂದಳು. ನಾನು ಹಪ್ಪಳದ ವಿಷಯ ಕೇಳಿ ಇಟ್ಟುಬಿಟ್ಟೆ.

ಹಪ್ಪಳ!

ಮೇ ೪, ಭಾನುವಾರ ಸಂಜೆ

ನೀಲಾ,

ಇದು ಇಷ್ಟು ದಿನ ನನಗಾಗಿ ಬರೆದುಕೊಂಡದ್ದು. ಇವತ್ತಿನಿಂದ ನಿನ್ನದು. ಜನವರಿಯಿಂದ ಇಲ್ಲಿಯವರೆಗಿನ ಹಾಳೆಗಳನ್ನೆಲ್ಲ ಹರಿದು ಇದರ ಜೊತೆ ಇಡುತ್ತಿದ್ದೇನೆ. ನಿನ್ನ ಮೇಲಿನ ಸಿಟ್ಟೂ ಅದರಲ್ಲಿದೆ, ಒಂದನ್ನೂ ತೆಗೆದಿಲ್ಲ. ಮೊದಲಿನಿಂದ ಓದು. ಬಾಗಿಲು ಹಾಕಿಕೊಂಡು ಓದು. ಫೋನಿನಲ್ಲಿ ಹೇಳಲಾಗದ್ದು ಅಲ್ಲಿದೆ.

ಕಲೀಂ ಆನವಟ್ಟಿಯ ಕೊನೆಯ ಟ್ರಿಪ್ಪಿಗೆ ನಿಂತಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಈ ಹಾಳೆಗಳನ್ನಿಟ್ಟ ಲೇಹ್ಯದ ಡಬ್ಬಿ ನಿನ್ನ ಕೈಗೇ ಕೊಡುತ್ತಾನೆ. ತವರಿನ ಡಬ್ಬಿಯನ್ನು ಬೇರೆ ಯಾರೂ ತೆಗೆಯುವುದಿಲ್ಲ, ಇದು ಅತ್ತೆಯ ಉಪಾಯ. ಹೌದು, ಅತ್ತೆಯದು. ಮಧ್ಯಾಹ್ನ ನಿನ್ನ ಫೋನಿನ ಮಾತನ್ನು ಅವರಿಗೆ ಹೇಳಿದೆ. ಶಿವನ ಕಳೆ ಎನ್ನುವ ಮಾತಿಗೆ ಕೈಯಲ್ಲಿದ್ದ ತಟ್ಟೆ ಬಿಟ್ಟರು. ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ. ತಾವು ಹೇಳಿದ್ದನ್ನು ಹಾಗೇ ಬರಿ ಅನ್ನುತ್ತಿದ್ದಾರೆ. ಬರೆಯುತ್ತೇನೆ:

"ನೀಲವ್ವ, ನನಗ ಮಕ್ಕಳು ಮೂರು. ಮೊದಲನೇದು ಜಟ್ಟಪ್ಪ, ಎರಡನೇದು ನಿಮ್ಮಣ್ಣ, ಮೂರನೇದು ನೀನು. ಜಟ್ಟಪ್ಪನ ಕಣ್ಣೂ ಹಂಗೇ ಮಿಂಚತಿತ್ತು. ನಾನೂ ನಕ್ಕೊಂತ ದೃಷ್ಟಿ ತೆಗೆದೆ. ನೀ ತೆಗೆದು ಕುಂದ್ರಬ್ಯಾಡ."

ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಇವತ್ತೇ. ಮಾವ ಜಗಲಿಯ ಮೇಲಿದ್ದಾರೆ. ಎಲ್ಲ ಕೇಳಿಸುತ್ತಿದೆ. ಎದ್ದು ಬಂದು ತಡೆಯಲಿಲ್ಲ.

ಹೆದರಿಸಲು ಬರೆಯುತ್ತಿಲ್ಲ ನೀಲಾ. ಜಟ್ಟಪ್ಪನ ಕಾಲಕ್ಕೆ ಏನೂ ಇರಲಿಲ್ಲ. ನಿಮ್ಮಣ್ಣನ ಕಾಲಕ್ಕೆ ಕಣ್ಣು ಕೊಟ್ಟು ಜೀವ ಉಳಿಸಿಕೊಂಡರು. ನಮ್ಮ ಚೈತ್ರ ಒಂದು ಕಣ್ಣಲ್ಲಿ ಇರುವೆಯ ಸಾಲನ್ನೂ ಬೆರಳಿಟ್ಟು ತೋರಿಸುತ್ತಾಳೆ. ನಿನ್ನ ಮಗನಿಗೆ ಇದಕ್ಕಿಂತ ಹೆಚ್ಚು ಸಿಗಬಹುದಿತ್ತು, ನಾನು ಮಾರ್ಚಿನಲ್ಲೇ ಬಾಯಿ ಬಿಟ್ಟಿದ್ದರೆ. ಈಗಲೂ ಎಷ್ಟು ಸಿಗುತ್ತದೋ ಗೊತ್ತಿಲ್ಲ. ಅದು ಬೇರೆ ಏನೋ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇಲ್ಲ ಎಂದು ಡಾಕ್ಟರಮ್ಮ ಹೇಳಲಿ, ನಾವು ಹೇಳಿಕೊಳ್ಳುವುದು ಬೇಡ. ನಿನ್ನ ರಕ್ತ ಒಂದು ಚಮಚ, ಅವನದು ಒಂದು ಚಮಚ, ಯಾವ ಜಾಗದಲ್ಲಿ ಹುಡುಕಬೇಕೆಂದು ಈಗ ಅವರಿಗೆ ಗೊತ್ತಿದೆ. ಅವರು ಅವತ್ತು ಕೇಳಿದ್ದಕ್ಕೆ ನಾನು ಇಲ್ಲ ಅಂದಿದ್ದೆನಲ್ಲ, ನಾಳಿದ್ದು ಮೊದಲು ಅದನ್ನು ಸರಿಮಾಡುತ್ತೇನೆ.

ನಾಳೆ ಬೆಳಗಿನ ಜಾವ ನಾವು ಮದರಾಸಿಗೆ ಹೊರಡುತ್ತೇವೆ. ಕಲೀಂನದೇ ಕಾರು, ಜಾಗವಿದೆ. ನಿಮ್ಮಣ್ಣ ಆನವಟ್ಟಿಗೆ ಬಂದು ನಿನ್ನ ಮಾವನವರ ಎದುರು ತಾವೇ ನಿಂತು ಹೇಳುತ್ತಾರಂತೆ. "ನನ್ನ ಕಣ್ಣು ತೆಗೆದು ಕೈಯಾಗ ಇಟ್ಕೊಂಡು ಹೇಳ್ತೀನಿ, ಆವಾಗ ಏನಂತಾರ ನೋಡೋಣ" ಅನ್ನುತ್ತಿದ್ದಾರೆ. ಆದರೆ ನೀನು ಕರೆಯದೆ ಬರುವುದಿಲ್ಲ. ಮಗು ನಿನ್ನದು.

ಮಾತಾಡಬೇಕಿಲ್ಲ. ನಿನ್ನ ಮಾವನವರು ಮಲಗಿದ ಮೇಲೆ ಎದ್ದು ನಮ್ಮ ನಂಬರು ತಿರುಗಿಸಿ, ಒಂದು ರಿಂಗ್ ಆದರೆ ಇಟ್ಟುಬಿಡು, ಸಾಕು. ಅಷ್ಟಕ್ಕೇ ಕಾರು ಅತ್ತ ತಿರುಗುತ್ತದೆ. ಅಂಗಡಿಯಲ್ಲಿ ಬೀಜದ ಮೂಟೆಗಳ ನಡುವೆ ಚಾಪೆ ಹಾಸಿದ್ದೇನೆ, ಫೋನು ತಲೆಯ ಪಕ್ಕ. ಅತ್ತೆ ತಾವೂ ಇಲ್ಲೇ ಮಲಗುತ್ತೇನೆ ಅನ್ನುತ್ತಿದ್ದಾರೆ. ನಾವಿಬ್ಬರೂ ಹೇಗೂ ನಿದ್ದೆ ಮಾಡುವುದಿಲ್ಲ.

ಕಲೀಂ ಮತ್ತೆ ಹಾರ್ನ್ ಹೊಡೆದ. ಓದಿ ಮುಗಿಸದಿದ್ದರೂ ಪರವಾಗಿಲ್ಲ, ನನ್ನನ್ನು ಬೈದುಕೊಂಡಾದರೂ ಸರಿ, ಬೆಳಗಾಗುವ ಮೊದಲು ಒಂದು ಸಲ ಫೋನ್ ಮಾಡು ನೀಲಾ.